ಹನ್ನೊಂದನೆಯ ಖೋಲಿಯ ಬೀಗ

ನಮ್ಮೂರಿನ ಹಳೇ ಜೈಲಿನ ಖೋಲಿಗಳಿಗೆ ಬೀಗಗಳಿವೆ, ಬೀಗದ ಕೈಗಳಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಮುಂದೆ ನಿಂತು, ಆ ಖೋಲಿಯಲ್ಲಿ ಇದ್ದವರ ಕಥೆಯನ್ನು ನಡೆದದ್ದು ನಡೆದ ಹಾಗೆ ಹೇಳಿದರೆ ಬೀಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮುಖ್ಯವಾದದ್ದು ಒಂದನ್ನು ಬಿಟ್ಟು ಹೇಳಿದರೂ ಬಿಚ್ಚುವುದಿಲ್ಲ. ನೋಡಲು ಬಂದವರೆಲ್ಲ ಹೊರಗೆ ಬಂದು ಬಾಗಿಲು ಎಳೆದರೆ ಬೀಗ ಮತ್ತೆ ಬೀಳುತ್ತದೆ, ಮಾರನೆಯ ಸಂಜೆ ಮತ್ತೆ ಮೊದಲಿನಿಂದ ಹೇಳಬೇಕು. ಹಗಲಿನಲ್ಲಿ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಜೈಲು ವಸ್ತುಸಂಗ್ರಹಾಲಯವಾದ ಮೇಲೆ ಇಲ್ಲಿ ಸಂಜೆ ಶಿಕ್ಷಕರೆಂಬ ಹುದ್ದೆ ಹುಟ್ಟಿದ್ದು ಇದಕ್ಕಾಗಿಯೇ. ಹನ್ನೆರಡು ವರ್ಷಗಳಿಂದ ಆ ಹುದ್ದೆಯಲ್ಲಿ ನಾನಿದ್ದೇನೆ. ಹೆಸರು ಕಸ್ತೂರಿ, ಊರಿನವರ ಬಾಯಲ್ಲಿ ಸಂಜೆ ಅಕ್ಕೋರು.

ಕೆಲಸ ಸುಲಭವೆಂದು ಹೊರಗಿನವರು ತಿಳಿಯುತ್ತಾರೆ. ಮೂರನೆಯ ಖೋಲಿಯವನು ಕುದುರೆ ಕದ್ದವನು ಎಂದಷ್ಟೇ ಹೇಳಿ ನೋಡಿ, ಬೀಗ ಅಲ್ಲಾಡುವುದಿಲ್ಲ. ಕದ್ದು ನಾಲ್ಕು ಹರದಾರಿ ಹೋದವನು, ಅದಕ್ಕೆ ನೀರು ಕುಡಿಸಲು ಹಳ್ಳಕ್ಕಿಳಿದು ಸಿಕ್ಕಿಬಿದ್ದ ಎಂದೂ ಹೇಳಬೇಕು. ಏಳನೆಯ ಖೋಲಿಯ ದ್ಯಾಮವ್ವ ಗಂಡನಿಗೆ ವಿಷ ಇಟ್ಟವಳು. ಆ ದಿನ ಆತನಿಗೆ ಇಷ್ಟವಾದ ಬದನೆಕಾಯಿ ಪಲ್ಯ ಮಾಡಿದ್ದಳು, ತಾನೂ ಅದರಲ್ಲಿ ಎರಡು ತುತ್ತು ಉಂಡಿದ್ದಳು. ಆ ಎರಡು ತುತ್ತು ಮರೆತ ದಿನ ನಾನು ಬಂದವರ ಮುಂದೆ ಬೆಪ್ಪಾಗಿ ನಿಲ್ಲಬೇಕಾಗುತ್ತದೆ. ಊರಿನವರಿಗೂ ಇದು ಎಷ್ಟು ರೂಢಿಯಾಗಿದೆಯೆಂದರೆ ಚಹಾದಂಗಡಿಯಲ್ಲಿ ಯಾರಾದರೂ ಬಣ್ಣ ಹಚ್ಚಿ ಮಾತಾಡಿದರೆ ಪಕ್ಕದವನು ‘ಕೀಲಿ ಬಿಚ್ಚಲಿಲ್ಲ ನೋಡಪ’ ಎಂದು ಕಾಡಿಸುತ್ತಾನೆ. ಹೀಗೆ ಬೇರೆಯವರ ಸುಳ್ಳು ಹಿಡಿಯುವುದರಲ್ಲಿ ನಾವು ಬಹಳ ಜಾಣರು.

ಇಪ್ಪತ್ನಾಲ್ಕು ಖೋಲಿಗಳಲ್ಲಿ ಇಪ್ಪತ್ಮೂರು ತೆರೆಯುತ್ತಿದ್ದವು. ಹನ್ನೊಂದನೆಯದು ಮಾತ್ರ ಎಂದೂ ತೆರೆದಿರಲಿಲ್ಲ. ಅದು ನೀರಗಂಟಿ ಹುಲಿಗೆಪ್ಪನದು. ಕೆರೆಯ ತೂಬು ಎತ್ತಿ ನೀರು ಬಿಡುವುದು, ಇಳಿಸಿ ಕಟ್ಟುವುದು ಅವನ ಕೆಲಸವಾಗಿತ್ತು. ಅರವತ್ತೊಂದು ವರ್ಷಗಳ ಹಿಂದೆ ಕೆರೆ ತುಂಬಿ ಏರಿಯ ಮೇಲೆ ಹರಿಯುವ ಹಾಗಾದ ಒಂದು ಸಂಜೆ ಅವನು ತೂಬು ಎತ್ತಿದ. ನೀರು ನೇಕಾರರ ಓಣಿಗೆ ನುಗ್ಗಿ ಹದಿನಾಲ್ಕು ಮಂದಿ ಸತ್ತರು. ಕುಡಿದ ಅಮಲಿನಲ್ಲಿ ಎತ್ತಿದನೆಂದು ತೀರ್ಪಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಹತ್ತೊಂಬತ್ತು ವರ್ಷ ಈ ಖೋಲಿಯಲ್ಲಿದ್ದು ಇಲ್ಲಿಯೇ ಸತ್ತ. ನನಗಿಂತ ಮೊದಲಿದ್ದ ಮಾಸ್ತರು ಬರೆದಿಟ್ಟ ಪಾಠದಲ್ಲಿ ಇಷ್ಟೇ ಇದೆ. ಇಷ್ಟನ್ನು ಹೇಳಿ, ಬೀಗ ಬಿಚ್ಚದಿದ್ದಾಗ ‘ಇದಕ್ಕೆ ಜಂಗು ಹಿಡಿದಿದೆ, ಬನ್ನಿ’ ಎಂದು ನಾನು ಜನರನ್ನು ಹನ್ನೆರಡನೆಯದಕ್ಕೆ ಕರೆದುಕೊಂಡು ಹೋಗುತ್ತಿದ್ದೆ.

ಜಂಗು, ತುಕ್ಕು ಏನೂ ಹಿಡಿದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾನು ಹುಲಿಗೆಪ್ಪನ ಕಡತ ತೆಗೆದು ಓದಿದ್ದೆ. ಅದರ ನಡುವೆ ಎರಡು ಸಾಲುಗಳಿದ್ದವು. ‘ಕೆರೆ ಪಂಚರೇ ತೂಬು ಎತ್ತಲು ಅಪ್ಪಣೆ ಕೊಟ್ಟರು, ಅರ್ಧ ತಾಸಿನೊಳಗೆ ಓಣಿಯನ್ನು ತಾವೇ ಖಾಲಿ ಮಾಡಿಸುವುದಾಗಿ ಹೇಳಿ ಹೋದರು ಎಂದು ಆರೋಪಿ ಹೇಳುತ್ತಾನೆ. ಪಂಚರು ಇದನ್ನು ಅಲ್ಲಗಳೆದಿದ್ದಾರೆ.’ ಊರ ಪರವಾಗಿ ಕೆರೆಯ ಉಸ್ತುವಾರಿ ನೋಡುತ್ತಿದ್ದ ಆ ಪಂಚ ರಾಚಪ್ಪ ನನ್ನ ಅವ್ವನ ಅಪ್ಪ. ನೀರು ನುಗ್ಗಿದ ಮಾರನೆಯ ವರ್ಷ ಅದೇ ಓಣಿಯಲ್ಲಿ ಶಾಲೆ ಕಟ್ಟಿಸಿದವನು. ಶಾಲೆಗೆ ಇವತ್ತಿಗೂ ಅವನ ಹೆಸರಿದೆ, ನಾನು ಓದಿದ್ದೂ ಅಲ್ಲಿಯೇ. ಆ ದಿನ ಕಡತಕ್ಕೆ ದಾರ ಸುತ್ತಿ ಕಪಾಟಿನ ತಳಕ್ಕೆ ಇಟ್ಟೆ. ಅದರ ಮೇಲೆ ಬೇರೆ ಕಡತಗಳನ್ನು ಜೋಡಿಸಿದೆ.

ಫಕೀರವ್ವ ಬಂದದ್ದು ಈ ಸಲದ ಚಳಿ ಶುರುವಾಗುವ ಮುಂಚೆ. ಗಿಡ್ಡ ಹೆಂಗಸು, ಕಂಕುಳಲ್ಲಿ ರೊಟ್ಟಿಯ ಗಂಟು, ಎದುರಿಗಿರುವುದನ್ನು ನೋಡಲು ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸುತ್ತಿದ್ದಳು. ಕಂದೀಲು ಹಿಡಿದು ನಮ್ಮ ಮುಂದೆ ನಡೆಯುವ ಕಾವಲುಗಾರ ದಾವಲಸಾಬ ಆಕೆಯ ಟಿಕೆಟು ಹರಿದು ಕೊಟ್ಟ. ಆಕೆ ನೇರವಾಗಿ ನನ್ನ ಹತ್ತಿರ ಬಂದಳು.

“ಅಕ್ಕೋರ, ನಾ ಹುಲಿಗೆಪ್ಪನ ಮಗಳು. ಅಪ್ಪ ಇದ್ದ ಖೋಲಿ ನೋಡಬೇಕಾಗೈತಿ.”

ಮುಂದಿನವರ ಟಿಕೆಟು ಹರಿಯುತ್ತಿದ್ದ ದಾವಲಸಾಬನ ಕೈ ಅಲ್ಲಿಯೇ ನಿಂತಿತು. ಸತ್ತ ಹದಿನಾಲ್ಕು ಮಂದಿಯಲ್ಲಿ ಅವನ ಅಪ್ಪನ ತಂಗಿಯೂ ಒಬ್ಬಳು. ಹನ್ನೊಂದನೆಯ ಖೋಲಿ ಬಂದಾಗ ಅವನು ಕಂದೀಲನ್ನು ಇನ್ನೊಂದು ಕೈಗೆ ಬದಲಾಯಿಸಿ, ಮುಖ ತಿರುಗಿಸಿ ದಾಟುವುದನ್ನು ನಾನು ದಿನವೂ ನೋಡುತ್ತಿದ್ದೆ.

“ಅದು ತೆರಿಯೂದಿಲ್ಲವ್ವಾ,” ಎಂದೆ.

“ಗೊತ್ತೈತಿ. ಹೇಳಿ ನೋಡ್ತೀನಿ. ನನ್ನ ಕಣ್ಣು ಹೋಗಾಕತ್ತಾವು. ಸಂಕ್ರಮಣದ ತನಕ ಇದ್ರ ಪುಣ್ಯ ಅಂದಾರ ಡಾಕ್ಟರು. ಅಪ್ಪನ ಮಾರಿ ಅಂತೂ ನೋಡಿಲ್ಲ. ಆತ ಹತ್ತೊಂಬತ್ತು ವರ್ಷ ನೋಡಿದ ಗ್ವಾಡಿನಾದ್ರೂ ನಾ ನೋಡಬೇಕು.”

ಆಕೆ ಹುಟ್ಟಿದ್ದು ಹುಲಿಗೆಪ್ಪ ಜೈಲಿಗೆ ಹೋದ ನಾಲ್ಕು ತಿಂಗಳಿಗೆ. ಬಸುರಿ ಹೆಂಡತಿಯನ್ನು ಊರವರು ಇರಗೊಡಲಿಲ್ಲ. ಆ ಹೆಂಗಸು ದೂರದ ಹಳ್ಳಿಯೊಂದಕ್ಕೆ ಹೋಗಿ ಹೆತ್ತಳು. ಹೆಣ್ಣು ಕೂಸೆಂದು ಜೈಲಿಗೆ ಒಂದು ಕಾರ್ಡು ಬರೆಸಿ ಹಾಕಿದ್ದಳಂತೆ. ಆಮೇಲೆ ಸಾಯುವವರೆಗೂ ಈ ಊರಿನ ಕಡೆ ತಲೆ ಹಾಕಲಿಲ್ಲ, ಮಗಳನ್ನೂ ಬಿಡಲಿಲ್ಲ.

ಮೊದಲ ಸಂಜೆ ಫಕೀರವ್ವ ಬಾಗಿಲ ಮುಂದೆ ನಿಂತು ತನ್ನ ತಾಯಿ ಹೇಳಿಕೊಟ್ಟ ಕಥೆ ಹೇಳಿದಳು. ಅಪ್ಪ ತೂಬು ಮುಟ್ಟಲೇ ಇಲ್ಲ, ಅದು ನೀರಿನ ಜೋರಿಗೆ ತಾನೇ ಕಿತ್ತುಹೋಯಿತು ಎಂದಳು. ಬೀಗ ಬಿಚ್ಚಲಿಲ್ಲ. ಎರಡನೆಯ ಸಂಜೆ, ಮುಟ್ಟಿದ್ದು ನಿಜ, ಆದರೆ ಇಳಿಸಲು ಮುಟ್ಟಿದ ಎಂದಳು. ಮೂರನೆಯ ಸಂಜೆ, ಎತ್ತಿದ, ಆದರೆ ಬರೀ ಒಂದು ಗೇಣು ಎಂದಳು. ಊರಿನ ಧರ್ಮಶಾಲೆಯಲ್ಲಿ ಮಲಗಿ, ಹಗಲೆಲ್ಲ ಯೋಚಿಸಿ, ಸಂಜೆಗೊಮ್ಮೆ ಬಂದು ತಾನು ಅರವತ್ತು ವರ್ಷ ನಂಬಿದ್ದರಲ್ಲಿ ಒಂದೊಂದನ್ನೇ ಬಿಟ್ಟುಕೊಡುತ್ತಿದ್ದಳು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳುತ್ತಿದ್ದೆ. ನನಗೆ ಗೊತ್ತಿದ್ದ ಎರಡು ಸಾಲನ್ನು ಆಕೆಗೆ ಹೇಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಆರನೆಯ ಸಂಜೆ ಏಳೆಂಟು ಮಂದಿ ಬಂದಿದ್ದರು. ಆಕೆ ಬೀಗದ ಮೇಲೆ ಕೈಯಿಟ್ಟು, “ನಮ್ಮಪ್ಪ ಕುಡದಿದ್ದ. ಯಾರ ಮಾತೂ ಕೇಳದ ತೂಬು ಎತ್ತಿದ. ಹದಿನಾಲ್ಕು ಮಂದಿನ್ನ ಕೊಂದ. ಆತ ಕೆಟ್ಟಾವ ಇದ್ದ,” ಎಂದಳು.

ಒಳಗೆ ಹೋಗಲು ಅಪ್ಪನನ್ನೇ ಬಿಟ್ಟುಕೊಟ್ಟಿದ್ದಳು. ಬೀಗ ಆಗಲೂ ಬಿಚ್ಚಲಿಲ್ಲ. ಆಕೆ ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಕಡೆ ಮುಖ ಓರೆ ಮಾಡಿ ನೋಡಿದಳು. ಆ ವಾರದಲ್ಲಿ ಮೊದಲ ಸಲ ಆಕೆಯ ಮುಖದಲ್ಲಿ ನಗು ಕಂಡೆ.

“ಅದೂ ಸುಳ್ಳ ಹಂಗಾರ, ಅಕ್ಕೋರ,” ಎಂದಳು.

ಮಾರನೆಯ ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಇರುವವರು ನಾವಿಬ್ಬರೇ. ಅವ್ವನ ಹೆಸರು ನೀಲವ್ವ, ವಯಸ್ಸು ಅರವತ್ತೇಳು. ಹನ್ನೆರಡು ವರ್ಷಗಳಲ್ಲಿ ಒಂದು ದಿನವೂ ನನ್ನ ಪಾಠ ಕೇಳಲು ಬಂದವಳಲ್ಲ. ಮೊಣಕಾಲು ನೋವು, ಮೆಟ್ಟಿಲು ಹತ್ತಲಾರೆ ಎನ್ನುತ್ತಿದ್ದಳು. ಹಳೇ ಜೈಲಿಗೆ ಎರಡೇ ಮೆಟ್ಟಿಲು.

“ಅವ್ವಾ, ತೂಬು ಎತ್ತು ಅಂತ ಹುಲಿಗೆಪ್ಪಗ ಅಜ್ಜನ ಹೇಳಿದ್ನಾ?” ಎಂದು ಕೇಳಿಬಿಟ್ಟೆ.

ಮೊರ ನಿಂತಿತು. “ಯಾರ ಅಂದ್ರು?”

“ಕಾಗದದಾಗ ಐತಿ.”

“ಯಾವಾಗ ಓದಿದಿ?”

“ಹನ್ನೆರಡು ವರ್ಷ ಆತು.”

ಅವ್ವ ನನ್ನನ್ನು ದಿಟ್ಟಿಸಿ ನೋಡಿದಳು. “ಹನ್ನೆರಡು ವರ್ಷ ಬಾಯಿ ಮುಚಗೊಂಡು ಇದ್ದಾಕಿಗೆ ಇವತ್ತೇನಾತು?”

ಫಕೀರವ್ವನ ವಿಷಯ ಹೇಳಿದೆ. ಆರು ಸಂಜೆಗಳದ್ದನ್ನೂ ಹೇಳಿದೆ, ಕೊನೆಯ ಸಂಜೆ ಆಕೆ ಅಪ್ಪನ ಬಗ್ಗೆ ಆಡಿದ ಮಾತನ್ನೂ ಹೇಳಿದೆ. ಅವ್ವ ಮೊರದಲ್ಲಿದ್ದ ಹರಳುಗಳನ್ನು ಒಂದು ಕಡೆ ಗುಡ್ಡೆ ಮಾಡುತ್ತ ಕೇಳಿದಳು.

“ಆಕಿ ಎಷ್ಟು ವಯಸ್ಸಿನಾಕಿ?”

“ಅರವತ್ತೊಂದು.”

“ಹೂಂ. ಅರವತ್ತೊಂದ ಆಗಬೇಕು,” ಎಂದಳು. ಹರಳುಗಳನ್ನು ಅಂಗಳಕ್ಕೆ ಎಸೆದು, “ಒಂದಿನ ಹೇಳಿ ಕೈ ತೊಳಕೊಳ್ಳೂದಲ್ಲ ಕಸ್ತೂರಿ. ಕೀಲಿ ಬಿಚ್ಚಿತು ಅಂದ್ರ ದಿನಾ ಸಂಜೀಕೆ ಹೇಳಬೇಕಾಗತೈತಿ. ನಿಮ್ಮಜ್ಜನ ಶಾಲಿ ಹುಡುಗರು ಬಂದು ನಿಂತಾಗೂ ಹೇಳಬೇಕಾಗತೈತಿ. ವಿಚಾರ ಮಾಡೀಯೇನು?”

“ಮಾಡೀನಿ.”

ನಾನು ಹೊರಡುವಾಗ ಮೊರ ಅವಳ ತೊಡೆಯ ಮೇಲೆ ಹಾಗೆಯೇ ಇತ್ತು.

ಆ ಸಂಜೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದಿದ್ದರು. ವಾರವೆಲ್ಲ ನಡೆದದ್ದು ಊರಲ್ಲಿ ಹಬ್ಬಿ, ನೇಕಾರರ ಓಣಿಯಿಂದಲೇ ಎಂಟ್ಹತ್ತು ಜನ ಬಂದಿದ್ದರು. ಬೇರೆ ಖೋಲಿಗಳ ಕಡೆ ಹೋಗದೆ ನಾನು ನೇರ ಹನ್ನೊಂದನೆಯದರ ಮುಂದೆ ನಿಂತೆ. ಫಕೀರವ್ವ ತಾನೇ ಹೇಳಲು ಮುಂದೆ ಬಂದಳು. “ಇವತ್ತ ನಾ ಹೇಳ್ತೀನಿ, ಯವ್ವಾ,” ಎಂದೆ.

ಹುಲಿಗೆಪ್ಪ ಕುಡಿದಿರಲಿಲ್ಲ ಎಂದು ಶುರು ಮಾಡಿದೆ. ಆ ಸಂಜೆ ಏರಿ ಒಡೆದಿದ್ದರೆ ಊರಿಗೆ ಊರೇ ಕೊಚ್ಚಿಹೋಗುತ್ತಿತ್ತು. ತೂಬು ಎತ್ತಿದರೆ ನೀರು ನೇಕಾರರ ಓಣಿಯಲ್ಲಿ ಮಾತ್ರ ಹಾಯುತ್ತಿತ್ತು. ಕೆರೆ ಪಂಚ ರಾಚಪ್ಪ ಏರಿಯ ಮೇಲೆ ಬಂದು, ಅರ್ಧ ತಾಸು ಬಿಟ್ಟು ತೂಬು ಎತ್ತು, ಅಷ್ಟರೊಳಗೆ ಓಣಿಯವರನ್ನೆಲ್ಲ ನಾನು ಹೊರಗೆ ಕಳಿಸುತ್ತೇನೆ ಎಂದು ಹುಲಿಗೆಪ್ಪನಿಗೆ ಹೇಳಿ ಹೋದ. ಹುಲಿಗೆಪ್ಪ ಅರ್ಧ ತಾಸು ಕಾದು ಎತ್ತಿದ. ರಾಚಪ್ಪ ಓಣಿಗೆ ಹೋಗಿರಲಿಲ್ಲ. ಕೋರ್ಟಿನಲ್ಲಿ ಹುಲಿಗೆಪ್ಪ ಇದ್ದದ್ದನ್ನು ಹೇಳಿದ, ರಾಚಪ್ಪ ತಾನು ಅಪ್ಪಣೆ ಕೊಡಲೇ ಇಲ್ಲವೆಂದ. ಊರು ರಾಚಪ್ಪನನ್ನು ನಂಬಿತು. ರಾಚಪ್ಪ ನನ್ನ ಅಜ್ಜ. ಕಾಗದದಲ್ಲಿ ಇದನ್ನು ಓದಿ ಹನ್ನೆರಡು ವರ್ಷವಾಯಿತು, ಯಾರಿಗೂ ಹೇಳದೆ ಈ ಬಾಗಿಲ ಮುಂದೆ ದಿನವೂ ಸುಳ್ಳು ಪಾಠ ಮಾಡಿದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಎಲ್ಲರೂ ಬೀಗವನ್ನು ನೋಡುತ್ತಿದ್ದರು. ಬೀಗ ಹಾಗೆಯೇ ಇತ್ತು.

ಇದ್ದ ಮರ್ಯಾದೆಯನ್ನೆಲ್ಲ ತಂದು ಸುರಿದಿದ್ದೆ, ಅದು ಸಾಲಲಿಲ್ಲ. ದಾವಲಸಾಬ ಕಂದೀಲನ್ನು ಬೀಗದ ಹತ್ತಿರಕ್ಕೆ ಹಿಡಿದ. ಓಣಿಯವರಲ್ಲಿ ಯಾರೋ “ರಾಚಪ್ಪನೋರಾ?” ಎಂದದ್ದು ಕೇಳಿತು. ಫಕೀರವ್ವ ನನ್ನ ಮುಖಕ್ಕೆ ತೀರ ಹತ್ತಿರ ಬಂದಳು.

“ಹನ್ನೆರಡು ವರ್ಷದ ಹಿಂದ ನನ್ನ ಕಣ್ಣು ಚಲೋ ಇದ್ದವು, ಅಕ್ಕೋರ,” ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಹಿಂದಿನಿಂದ ಯಾರೋ ದಾರಿ ಬಿಡಿಸಿಕೊಂಡು ಬಂದರು. ಅವ್ವ. ಕೈಯಲ್ಲಿ ಹರಿದ ಟಿಕೆಟು ಹಿಡಿದಿದ್ದಳು, ಸೆರಗಿಗೆ ಜೋಳದ ಹೊಟ್ಟು ಅಂಟಿಕೊಂಡಿತ್ತು. ನನ್ನ ಕಡೆ ನೋಡದೆ ಬಾಗಿಲ ಕಡೆಗೇ ಮುಖ ಮಾಡಿ ನಿಂತಳು.

“ನನ್ನ ಮಗಳಿಗೆ ಗೊತ್ತಿಲ್ಲ. ನನಗ ಗೊತ್ತೈತಿ,” ಎಂದಳು. “ನಮ್ಮಪ್ಪ ಓಣಿಗೆ ಹೊಂಟಿದ್ದ. ಓಡಿಕೋತ ಹೊಂಟಿದ್ದ. ನಮ್ಮ ಮನಿ ಮುಂದ ಹಾದು ಹೋಗಬೇಕು. ನಾ ಹೊರಗ ನಿಂತು ಅಳಾಕತ್ತಿದ್ದೆ. ಆರು ವರ್ಷದಾಕಿ. ಹಿತ್ತಲದಾಗ ನನ್ನ ಆಡಿನ ಮರಿ ಇತ್ತು. ನೀರು ಬಂದ್ರ ಅದು ಸಾಯತೈತಿ ಅಂತ ಅಪ್ಪನ ಧೋತರ ಹಿಡಕೊಂಡೆ. ‘ಓಣಿಗೆ ಹೋಗಿ ಬಂದು ತಂದು ಕೊಡ್ತೀನಿ, ಬಿಡವ್ವಾ’ ಅಂದ. ನಾ ಬಿಡಲಿಲ್ಲ. ಎರಡೂ ಕೈಲೆ ಹಿಡಕೊಂಡೆ. ಹೊಡದು ಬಿಡಿಸಿಕೊಂಡು ಹೋಗಬಹುದಿತ್ತು. ನಮ್ಮಪ್ಪ ನನಗ ಎಂದೂ ಹೊಡದಾವಲ್ಲ. ಹಿತ್ತಲಕ್ಕ ಹೋದ. ಮರಿ ಹೆದರಿ ಅತ್ತಾಗಿತ್ತಾಗ ಓಡಿತು, ಕೈಗೆ ಸಿಗವಲ್ದಾತು. ಸಿಗೂದ್ರಾಗ ಓಣಿ ಕಡೀಂದ ಚೀರೂದು ಕೇಳಿತು.”

ಅವ್ವ ಬಾಗಿಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದಳು. “ಹದಿನಾಲ್ಕು ಹೆಣ ಎತ್ತಿ ಬಂದ ಮ್ಯಾಲ, ಆಡಿನ ಮರಿ ಸಲುವಾಗಿ ತಡಾ ಮಾಡಿದೆ ಅಂತ ಮಂದಿ ಮುಂದ ಹೆಂಗ ಹೇಳ್ತಾನ? ಅಪ್ಪಣೀನ ಕೊಟ್ಟಿಲ್ಲ ಅಂದ. ‘ಮರಿ ಸುದ್ದಿ ಯಾರ ಮುಂದೂ ಆಡಬ್ಯಾಡ ಮಗಾ, ನಿನ್ನ ಮ್ಯಾಲ ಬರತೈತಿ’ ಅಂತ ನನಗ ಹೇಳಿದ. ಆಡಲಿಲ್ಲ. ಅರವತ್ತೊಂದು ವರ್ಷ ಆಡಲಿಲ್ಲ. ಹುಲಿಗೆಪ್ಪ ಸುಳ್ಳು ಹೇಳಿದಾವಲ್ಲ. ಇಷ್ಟ ಐತಿ ನೋಡು.”

ಬೀಗ ಕಟಕ್ಕೆಂದು ಬಿಚ್ಚಿ ಕೊಂಡಿಯಲ್ಲಿ ಜೋತುಬಿತ್ತು.

ಬಾಗಿಲನ್ನು ಮೊದಲು ತಳ್ಳಿದವನು ದಾವಲಸಾಬ. ಆಮೇಲೆ ಕಂದೀಲನ್ನು ಕೆಳಗೆ ಹಿಡಿದು, “ಹೊಚ್ಚಲ ಎತ್ತರ ಐತಿ, ಯವ್ವಾ. ನೋಡಿ ಕಾಲಿಡು,” ಎಂದು ಫಕೀರವ್ವನಿಗೆ ಹೇಳಿದ. ಆಕೆಯ ಹಿಂದೆ ನಾನು ಹೋದೆ. ಉಳಿದವರು ಹೊರಗೇ ನಿಂತರು, ಯಾರೂ ಬೇಡವೆಂದು ಹೇಳಿರಲಿಲ್ಲ.

ಒಳಗೆ ಒಂದು ಕಲ್ಲಿನ ಜಗುಲಿ, ಮೂಲೆಯಲ್ಲಿ ಒಡೆದ ಮಣ್ಣಿನ ಗಡಿಗೆ. ನಾಲ್ಕು ದಶಕದ ಧೂಳು. ಫಕೀರವ್ವ ಗೋಡೆಯನ್ನು ಕೈಯಿಂದ ಸವರುತ್ತ ಹೋದಳು. ಜಗುಲಿಯ ಎದುರಿನ ಗೋಡೆಗೆ ಬಂದಾಗ ಆಕೆಯ ಬೆರಳು ನಿಂತವು. ಅಲ್ಲಿ ಸುಣ್ಣದ ಮೇಲೆ ಮೊಳೆಯಿಂದಲೋ ಹೆಂಚಿನ ಚೂರಿನಿಂದಲೋ ಕೊರೆದ ಗೆರೆಗಳಿದ್ದವು. ಎಲ್ಲಕ್ಕಿಂತ ಕೆಳಗೆ, ನೆಲದ ಹತ್ತಿರ, ಒಂದು ಮೊಳದಷ್ಟು ಉದ್ದದ ಅಡ್ಡ ಗೆರೆ. ಅದರ ಮೇಲೆ ಸಣ್ಣ ಸಣ್ಣ ಗೆರೆಗಳು, ಒಂದರ ಮೇಲೊಂದು, ನನ್ನ ತಲೆಗಿಂತ ಎತ್ತರದವರೆಗೆ.

“ಇವೇನು ಅಕ್ಕೋರ? ಬರದದ್ದೇನು?”

ನನಗೆ ತಿಳಿಯಲಿಲ್ಲ. ದಿನಗಳ ಲೆಕ್ಕವಿರಬಹುದು ಎನ್ನಬೇಕೆಂದಿದ್ದೆ. ದಾವಲಸಾಬ ಕಂದೀಲನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿದ.

“ನಮ್ಮ ಮನಿ ಬಾಗಿಲ ಚೌಕಟ್ಟಿಗೂ ಅದಾವು,” ಎಂದ. “ವರ್ಷಾ ಹಬ್ಬಕ್ಕ ಮಕ್ಕಳನ್ನ ನಿಲ್ಲಿಸಿ ಗೆರಿ ಹೊಡೀತೀವಲ್ಲ, ಎಷ್ಟು ಬೆಳದಾರ ಅಂತ. ಕೆಳಗಿಂದು ಮಲಗಿಸಿದ ಕೂಸಿಂದು. ನಿನ್ನವ ಇವು, ಯವ್ವಾ.”

ಹುಲಿಗೆಪ್ಪನಿಗೆ ಬಂದದ್ದು ಹೆಣ್ಣು ಕೂಸೆಂಬ ಆ ಒಂದೇ ಕಾರ್ಡು. ಆಮೇಲೆ ಅವನು ಮಗಳನ್ನು ಈ ಗೋಡೆಯ ಮೇಲೆ ಬೆಳೆಸಿದ್ದ. ಎಣಿಸಿದೆ. ಕೂಸಿನದನ್ನು ಬಿಟ್ಟು ಹದಿನೆಂಟು ಗೆರೆಗಳು.

ಫಕೀರವ್ವ ರೊಟ್ಟಿಯ ಗಂಟನ್ನು ಜಗುಲಿಯ ಮೇಲಿಟ್ಟು ಚಪ್ಪಲಿ ಕಳಚಿದಳು. ಗೋಡೆಗೆ ಬೆನ್ನು ಹಚ್ಚಿ, ಹಿಮ್ಮಡಿ ಕೂಡಿಸಿ, ನೆಟ್ಟಗೆ ನಿಂತಳು. ಶಾಲೆಯಲ್ಲಿ ಮಕ್ಕಳು ನಿಲ್ಲುವ ಹಾಗೆ ಗದ್ದ ಎತ್ತಿಕೊಂಡಳು.

“ಎಲ್ಲೀತನಕ ಬಂದೆ ನೋಡ್ರಿ.”

ಆಕೆಯ ನೆತ್ತಿಯ ಮೇಲೆ ಅಂಗೈ ಇಟ್ಟು ಗೋಡೆಗೆ ಹಿಡಿದೆ. ಮೇಲೆ ಇನ್ನೂ ಐದು ಗೆರೆಗಳಿದ್ದವು.

“ಹದಿಮೂರನೇದಕ್ಕ, ಯವ್ವಾ.”

ಆಕೆ ನಕ್ಕಳು, ನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು. “ತನ್ನಂಗ ಎತ್ತರ ಆಗ್ತೀನಿ ಅಂದ್ಕೊಂಡಾನ ನಮ್ಮಪ್ಪ. ನಾ ಅವ್ವನಂಗ ಗಿಡ್ಡ ಆಗೀನಿ.” ಹಿಂದಕ್ಕೆ ತಿರುಗಿ ಎಲ್ಲಕ್ಕಿಂತ ಮೇಲಿನ ಗೆರೆಗೆ ಕೈ ಚಾಚಿದಳು. ತುದಿಗಾಲಲ್ಲಿ ನಿಂತ ಮೇಲೆ ಬೆರಳು ತಲುಪಿತು. ಅದರ ಮೇಲೆಯೇ ಬೆರಳಿಟ್ಟುಕೊಂಡು ಬಹಳ ಹೊತ್ತು ನಿಂತಳು. ನಾನೂ ಅತ್ತೆ, ತಡೆಯಲಿಲ್ಲ.

ಅವ್ವ ಹೊಸ್ತಿಲಾಚೆಯೇ ನಿಂತಿದ್ದಳು. ಫಕೀರವ್ವ ಬಾಗಿಲ ಕಡೆ ಹೊರಳಿ, ಆಕೆಯನ್ನು ಕಾಣಲು ಮುಖ ಓರೆ ಮಾಡಿದಳು.

“ಮರಿ ಸಿಕ್ತೇನು?” ಎಂದು ಕೇಳಿದಳು.

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಸಿಕ್ತು.”

“ಬದುಕಿತೇನು?”

“ಬದುಕಿತು. ಏಳು ವರ್ಷ ಇತ್ತು.”

ಫಕೀರವ್ವ ತಲೆಯಾಡಿಸಿದಳು. “ಒಂದಾದ್ರೂ ಉಳೀತಲ್ಲ ಹಂಗಾರ,” ಎಂದಳು.

ಅವ್ವ ಹೊಸ್ತಿಲ ಮೇಲೆ ಕುಳಿತಳು. ಆ ಮಾತು ಕ್ಷಮಿಸಿದ್ದೋ ಚುಚ್ಚಿದ್ದೋ ಎಂದು ಅವ್ವ ಇವತ್ತಿಗೂ ನನ್ನನ್ನು ಕೇಳುತ್ತಾಳೆ. ನನಗೆ ಗೊತ್ತಿಲ್ಲ. ಅವ್ವನನ್ನು ದಾಟಿ ಹೊರಗೆ ಹೋಗುವಾಗ ಫಕೀರವ್ವ ಆಸರೆಗಾಗಿ ಅವಳ ಭುಜದ ಮೇಲೆ ಕೈಯಿಟ್ಟದ್ದನ್ನು ಮಾತ್ರ ನೋಡಿದ್ದೇನೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಆಕೆ ತನ್ನ ಹಳ್ಳಿಗೆ ಹೊರಟುಹೋದಳು.

ಆ ದಿನವೆಲ್ಲ ನಾವು ಬಾಗಿಲು ಮುಚ್ಚಿಕೊಂಡೇ ಇದ್ದೆವು. ಶಾಲೆಯ ಹೆಸರಿನ ಮೇಲೆ ಯಾರೋ ಸಗಣಿ ಎರಚಿದ್ದಾರೆ ಎಂದು ಹಾಲಿನವಳು ಹೇಳಿ ಹೋದಳು. ಸಂಜೆಯಾದಾಗ ಅವ್ವ ಸೀರೆ ಬದಲಾಯಿಸಿ ನನಗಿಂತ ಮೊದಲು ಅಂಗಳಕ್ಕಿಳಿದಳು. ಇಬ್ಬರೂ ಜೈಲಿಗೆ ನಡೆದೆವು. ಹಿಂದಿನ ದಿನಕ್ಕಿಂತ ಹೆಚ್ಚು ಜನ ಸೇರಿದ್ದರು. ಅಜ್ಜನ ಶಾಲೆಯ ಸಮವಸ್ತ್ರದ ಮಕ್ಕಳೂ ಇದ್ದರು.

ಹನ್ನೊಂದನೆಯ ಖೋಲಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅಜ್ಜನ ಅಪ್ಪಣೆ, ಅರ್ಧ ತಾಸು, ಆಡಿನ ಮರಿ, ಕೋರ್ಟಿನ ಸುಳ್ಳು, ನನ್ನ ಹನ್ನೆರಡು ವರ್ಷ. ಅವ್ವ ನನ್ನ ಪಕ್ಕದಲ್ಲಿ ತಲೆ ತಗ್ಗಿಸದೆ ನಿಂತಿದ್ದಳು. ಹೇಳಿ ಮುಗಿಸಿ ಕಾದೆ. ಬೀಗ ಬಿಚ್ಚಲಿಲ್ಲ. ಹಿಂದಿನ ಸಂಜೆ ಇಷ್ಟಕ್ಕೇ ಬಿಚ್ಚಿದ ಬೀಗ. ಜನ ಗುಸುಗುಸು ಶುರು ಮಾಡಿದರು. ನಾನು ಅವ್ವನನ್ನು ನೋಡಿದೆ, ಅವ್ವ ನನ್ನನ್ನು ನೋಡಿದಳು. ಏನು ಬಿಟ್ಟೆವೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

“ಹುಲಿಗೆಪ್ಪನ ಮಗಳು ಫಕೀರವ್ವ ಅರವತ್ತೊಂದನೇ ವಯಸ್ಸಿಗೆ ಬಂದಳು,” ಎಂದು ಹೇಳಿದೆ. “ಏಳು ಸಂಜೆ ಈ ಬಾಗಿಲ ಮುಂದೆ ನಿಂತಳು. ಒಳಗೆ ಹೋಗಿ, ಅಪ್ಪ ಕೊರೆದ ಗೆರೆಗಳಿಗೆ ಬೆನ್ನು ಕೊಟ್ಟು ನಿಂತಳು. ಹದಿಮೂರನೆಯ ಗೆರೆಗೆ ಬಂದಳು.”

ಬೀಗ ಬಿಚ್ಚಿತು. ದಾವಲಸಾಬ ಕಂದೀಲು ಎತ್ತಿ ಹಿಡಿದು, ಹೊಸ್ತಿಲು ನೋಡಿ ಕಾಲಿಡಿರೆಂದು ಮಕ್ಕಳಿಗೆ ಹೇಳುತ್ತ ಮೊದಲು ಒಳಗೆ ಹೋದ.